ಡಬ್ಲಿನ್ನಿನ ಹುಡುಗ, ನಮ್ಮ ಮನೆಯ ಲಾಳಿಕೆ



ಈ ಸಲ ನಿಮ್ಮ ಕೈಗೆ ಕೊಡಬೇಕೆಂದಿರುವುದು ಒಂದು ಇಂಗ್ಲಿಷ್ ಕಾದಂಬರಿ. ಕನ್ನಡ ಸಂಘದ ಪತ್ರಿಕೆಯಲ್ಲಿ ಇಂಗ್ಲಿಷ್ ಪುಸ್ತಕವೇಕೆ ಎಂದು ಹಿರಿಯರು ಯಾರಾದರೂ ಹುಬ್ಬೇರಿಸಿದರೆ, ಅವರಿಗೆ ಉತ್ತರ ಲೇಖನದ ನಡುವೆ ಎಲ್ಲೋ ಸಿಕ್ಕೀತು. ಅಲ್ಲಿಯವರೆಗೆ ದಯವಿಟ್ಟು ತಾಳ್ಮೆಯಿರಲಿ. ನೀವಂತೂ ಹುಬ್ಬೇರಿಸುವವರಲ್ಲ. "ಆಂಟಿ, ನೀವು ಹೇಳೋ ಪುಸ್ತಕದಲ್ಲೆಲ್ಲ ಬರೀ ಹಳ್ಳಿ, ಜಮೀನು, ಜಾತ್ರೆ, ನಮ್ಮ ವಯಸ್ಸಿನವರ ತಲೆಯೊಳಗೆ ಏನು ನಡೆಯುತ್ತೆ ಅಂತ ಯಾರೂ ಬರೆದಿಲ್ವಾ?" ಎಂದು ಹೋದ ರಾಜ್ಯೋತ್ಸವದ ದಿನ ನನ್ನನ್ನು ಅಡ್ಡಹಾಕಿ ಕೇಳಿದವರು ನೀವೇ ತಾನೇ?

ಬರೆದಿದ್ದಾರೆ. ಜೇಮ್ಸ್ ಜಾಯ್ಸ್ ಎಂಬ ಐರಿಷ್ ಲೇಖಕ ಬರೆದ 'ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್' ಅಂಥ ಪುಸ್ತಕ. ಹೆಸರು ಉದ್ದವಾಯಿತು, ಪುಸ್ತಕ ಉದ್ದವಿಲ್ಲ. ಪೇಪರ್‌ಬ್ಯಾಕಿನಲ್ಲಿ ಸುಮಾರು ಇನ್ನೂರೈವತ್ತು ಪುಟ, ಒಟ್ಟು ಐದು ಅಧ್ಯಾಯ. ಬಿ.ಎ. ಓದುವಾಗ ಕೊಂಡ ನನ್ನ ಪೆಂಗ್ವಿನ್ ಪ್ರತಿ ಈಗ ಬೆನ್ನಿಗೆ ಸೆಲೋಟೇಪು ಅಂಟಿಸಿಕೊಂಡು ಕೂತಿದೆ. ಇಂದು ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿರುವ ಈ ಪುಸ್ತಕವನ್ನು ಒಂದು ಕಾಲದಲ್ಲಿ ಅಚ್ಚು ಹಾಕುವವರೇ ಇರಲಿಲ್ಲ ಎಂದರೆ ನಂಬುತ್ತೀರಾ?

ಜಾಯ್ಸ್ ಹುಟ್ಟಿದ್ದು 1882ರ ಫೆಬ್ರವರಿ 2ರಂದು, ಡಬ್ಲಿನ್‌ನಲ್ಲಿ. 1904ರಲ್ಲಿ ತನ್ನ ಬಾಲ್ಯ ಯೌವನಗಳನ್ನು ಕುರಿತು ಒಂದು ಪ್ರಬಂಧ ಬರೆದ, ಪತ್ರಿಕೆಯವರು ತಿರಸ್ಕರಿಸಿದರು. ಅದನ್ನೇ 'ಸ್ಟೀಫನ್ ಹೀರೋ' ಎಂಬ ದೊಡ್ಡ ಕಾದಂಬರಿಯಾಗಿ ಬೆಳೆಸಹೋಗಿ ನೂರಾರು ಪುಟ ಬರೆದು ಕೈಬಿಟ್ಟ. ಬೇಸತ್ತು ಹಸ್ತಪ್ರತಿಯನ್ನು ಬೆಂಕಿಗೆ ಎಸೆದನೆಂದೂ ಮನೆಯವರು ಹೊರಗೆಳೆದು ಉಳಿಸಿದರೆಂದೂ ಅವನ ಜೀವನಚರಿತ್ರೆಯಲ್ಲಿ ಬರುತ್ತದೆ. ಮತ್ತೆ ಮೊದಲಿನಿಂದ, ಬಿಗಿಯಾಗಿ, ಐದೇ ಅಧ್ಯಾಯಗಳಲ್ಲಿ ಬರೆದ. ಎಜ್ರಾ ಪೌಂಡ್ ಎಂಬ ಕವಿಯ ಪ್ರಯತ್ನದಿಂದ ಅದು 1914ರಿಂದ 1915ರವರೆಗೆ 'ದಿ ಈಗೋಯಿಸ್ಟ್' ಎಂಬ ಪುಟ್ಟ ಲಂಡನ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಪುಸ್ತಕವಾಗಿಸಲು ಹೊರಟಾಗ ಇಂಗ್ಲೆಂಡಿನ ಮುದ್ರಕರು ಹಿಂದೆ ಸರಿದರು. ಅಶ್ಲೀಲವೆಂದು ಕೇಸು ಬಿದ್ದರೆ ಅಲ್ಲಿನ ಕಾನೂನಿನಲ್ಲಿ ಅಚ್ಚು ಹಾಕಿದವನೂ ಅಪರಾಧಿಯೇ. ಕೊನೆಗೆ ನ್ಯೂಯಾರ್ಕಿನ ಹ್ಯೂಬ್ಶ್ ಎಂಬ ಪ್ರಕಾಶಕರು 1916ರ ಡಿಸೆಂಬರ್ 29ರಂದು ಪ್ರಕಟಿಸಿದರು. ಈಗೋಯಿಸ್ಟ್ ಪತ್ರಿಕೆಯನ್ನು ನಡೆಸುತ್ತಿದ್ದ ಹ್ಯಾರಿಯೆಟ್ ಶಾ ವೀವರ್ ಎಂಬ ಹೆಣ್ಣುಮಗಳು ಅಮೆರಿಕದಲ್ಲಿ ಅಚ್ಚಾದ ಹಾಳೆಗಳನ್ನೇ ತರಿಸಿಕೊಂಡು 1917ರಲ್ಲಿ ಲಂಡನ್ನಿನಲ್ಲಿ ಹೊರತಂದರು. ಆಕೆ ಮುಂದೆಯೂ ವರ್ಷಗಟ್ಟಲೆ ಜಾಯ್ಸ್‌ಗೆ ಹಣ ಕೊಟ್ಟು ಸಾಕಿದರು. ಸಾಹಿತ್ಯದ ಇತಿಹಾಸದಲ್ಲಿ ಇಂಥ ಹೆಂಗಸರ ಹೆಸರು ಅಡಿಟಿಪ್ಪಣಿಯಲ್ಲೇ ಉಳಿಯುತ್ತದೆ, ಅದಕ್ಕೇ ಇಲ್ಲಿ ಪೂರ್ತಿ ಬರೆದಿದ್ದೇನೆ.

ಇರಲಿ, ಕಥೆಗೆ ಬರೋಣ. ಕಥೆಯೆಂದರೆ ಸ್ಟೀಫನ್ ಡೆಡಾಲಸ್ ಎಂಬ ಹುಡುಗ ಬೆಳೆಯುವುದು, ಅಷ್ಟೇ. ಕೊಲೆಯಿಲ್ಲ, ಮದುವೆಯಿಲ್ಲ. ಆದರೆ ಬರೆದ ರೀತಿ ನೋಡಿ: ಮೊದಲ ಪುಟದಲ್ಲಿ ಮಗುವಿಗೆ ಅಪ್ಪ ಹೇಳುವ ಹಸುವಿನ ಕಥೆಯಿದೆ, ಹಾಸಿಗೆ ಒದ್ದೆಯಾದಾಗ ಮೊದಲು ಬೆಚ್ಚಗೆ ಆಮೇಲೆ ತಣ್ಣಗೆ ಎನ್ನಿಸುವುದಿದೆ, ಅಮ್ಮನ ಮೈಯ ವಾಸನೆಯಿದೆ. ವಾಕ್ಯಗಳೂ ಮಗುವಿನವೇ, ಚಿಕ್ಕವು. ಹುಡುಗ ಬೆಳೆದಂತೆ ವಾಕ್ಯಗಳೂ ಬೆಳೆಯುತ್ತವೆ; ಹದಿನಾರಕ್ಕೆ ಬರುವ ಹೊತ್ತಿಗೆ ಸ್ವಲ್ಪ ಅತಿಯಾಗಿ ಅಲಂಕಾರ ಮಾಡಿಕೊಳ್ಳುತ್ತವೆ (ಹದಿನಾರರಲ್ಲಿ ಯಾರು ಮಾಡಿಕೊಳ್ಳುವುದಿಲ್ಲ!), ಕೊನೆಗೆ ದಿನಚರಿಯ ತುಂಡು ಟಿಪ್ಪಣಿಗಳಾಗಿ ಮುಗಿಯುತ್ತವೆ. ಹುಡುಗನ ವಯಸ್ಸನ್ನು ಲೇಖಕ ಎಲ್ಲೂ ಬಾಯಿಬಿಟ್ಟು ಹೇಳಬೇಕಿಲ್ಲ, ಭಾಷೆಯೇ ಹೇಳುತ್ತದೆ. ನಮ್ಮ ಪ್ರೊಫೆಸರರು ಒಂದು ಇಡೀ ಪೀರಿಯಡ್ಡು ಈ ಒಂದೇ ಅಂಶವನ್ನು ವಿವರಿಸಿದ್ದರು. ಆಗ ನನಗೆ ಆಕಳಿಕೆ ಬಂದಿತ್ತು. ನನ್ನ ಮಕ್ಕಳು ಮಾತು ಕಲಿಯುವುದನ್ನು ನೋಡಿದ ಮೇಲೆ ಅದರ ಸೊಗಸು ತಿಳಿಯಿತು.

ಆರು ವರ್ಷದ ಸುಮಾರಿಗೆ ಸ್ಟೀಫನ್ನನನ್ನು ಕ್ಲಾಂಗೋಸ್ ಎಂಬ ಜೆಸ್ವಿಟ್ ಪಾದ್ರಿಗಳ ವಸತಿಶಾಲೆಗೆ ಹಾಕುತ್ತಾರೆ. ಅಲ್ಲಿ ಒಬ್ಬ ದೊಡ್ಡ ಹುಡುಗ ಕೇಳುತ್ತಾನೆ: ನೀನು ಮಲಗುವ ಮುಂಚೆ ನಿಮ್ಮಮ್ಮನಿಗೆ ಮುತ್ತು ಕೊಡುತ್ತೀಯಾ? ಸ್ಟೀಫನ್ ಹೌದು ಎನ್ನುತ್ತಾನೆ, ಎಲ್ಲರೂ ನಗುತ್ತಾರೆ. ಹಾಗಾದರೆ ತಪ್ಪುತ್ತರವಿರಬೇಕೆಂದು, ಇಲ್ಲ ಎನ್ನುತ್ತಾನೆ; ಆಗಲೂ ನಗುತ್ತಾರೆ. ಸರಿಯಾದ ಉತ್ತರ ಯಾವುದು ಎಂದು ಆ ಪುಟ್ಟ ಹುಡುಗ ತಲೆಕೆಡಿಸಿಕೊಳ್ಳುತ್ತಾನೆ. ನೀವು ಇದನ್ನು ಓದುವಾಗ ಶಾಲೆಯಲ್ಲಿ ನಿಮ್ಮ ಮರಾಠಿ ಕೇಳಿ ನಕ್ಕವರೂ, ಬೇಸಿಗೆ ರಜೆಗೆ ಊರಿಗೆ ಹೋದಾಗ ನಿಮ್ಮ ಕನ್ನಡ ಕೇಳಿ ನಕ್ಕ ದೊಡ್ಡಪ್ಪನ ಮಕ್ಕಳೂ ಒಟ್ಟಿಗೇ ನೆನಪಾದರೆ ಆಶ್ಚರ್ಯವಿಲ್ಲ. ಇದೇ ಹುಡುಗ ಭೂಗೋಳದ ಪುಸ್ತಕದಲ್ಲಿ ತನ್ನ ಹೆಸರು, ತರಗತಿ, ಶಾಲೆ, ಊರು, ಜಿಲ್ಲೆ, ದೇಶ, ಯುರೋಪು, ಜಗತ್ತು, ಕೊನೆಗೆ ವಿಶ್ವ ಎಂದು ವಿಳಾಸ ಬರೆದುಕೊಳ್ಳುತ್ತಾನೆ. ನಮ್ಮ ಮನೆಯ ಅಟ್ಲಾಸಿನಲ್ಲೂ ಅಂಥದೊಂದು ಬರಹವಿದೆ. ಮೈಸೂರೆಂದು ಬರೆದು, ಹೊಡೆದು, ಮುಂಬಯಿ ಎಂದು ತಿದ್ದಲಾಗಿದೆ.

ಕನ್ನಡಕ ಒಡೆದುಹೋಗಿ ಬರೆಯಲಾಗದೆ ಕುಳಿತ ಸ್ಟೀಫನ್ನನ ಕೈಗೆ ಡೋಲನ್ ಎಂಬ ಪಾದ್ರಿ, ಇವನು ಸೋಮಾರಿ, ನಾಟಕವಾಡುತ್ತಾನೆ ಎಂದು ಪಟ್ಟೆಯಿಂದ ಬಾರಿಸುವ ಸನ್ನಿವೇಶ ಮೊದಲ ಅಧ್ಯಾಯದ ಶಿಖರ. ಹುಡುಗ ಧೈರ್ಯ ತಂದುಕೊಂಡು ಉದ್ದದ ಕತ್ತಲೆ ಓಣಿ ದಾಟಿ ಹೋಗಿ ಮುಖ್ಯಸ್ಥರಿಗೆ ದೂರು ಕೊಡುತ್ತಾನೆ. ಅವರು ಸಮಾಧಾನ ಹೇಳುತ್ತಾರೆ. ಗೆಳೆಯರು ಅವನನ್ನು ಎತ್ತಿ ಕುಣಿಸುತ್ತಾರೆ. ಇಲ್ಲಿಗೇ ನಿಂತಿದ್ದರೆ ಇದು ಮಕ್ಕಳ ಕಥೆಯಾಗುತ್ತಿತ್ತು. ಮುಂದಿನ ಅಧ್ಯಾಯದಲ್ಲಿ, ಆ ಮುಖ್ಯಸ್ಥರೂ ಡೋಲನ್ನರೂ ಊಟದ ಮೇಜಿನಲ್ಲಿ ಈ ದೂರನ್ನು ನೆನೆದು ಹೊಟ್ಟೆತುಂಬ ನಕ್ಕರು ಎಂದು ಅಪ್ಪ ಮನೆಯಲ್ಲಿ ತಮಾಷೆಯಾಗಿ ಹೇಳುತ್ತಾನೆ. ಸ್ಟೀಫನ್ನನಿಗೆ ಏನನ್ನಿಸಿತೆಂದು ಜಾಯ್ಸ್ ಬರೆಯುವುದಿಲ್ಲ. ನಾವು ದೊಡ್ಡವರು ಮಕ್ಕಳ ಮುಂದೆಯೇ ಅವರ ಗಂಭೀರ ವಿಷಯಗಳನ್ನು ನಗೆಚಾಟಿಕೆ ಮಾಡುವುದನ್ನು ಇಷ್ಟು ಚೆನ್ನಾಗಿ ಹಿಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಕ್ರಿಸ್‌ಮಸ್ ಊಟದ ಜಗಳವನ್ನಂತೂ ಗಟ್ಟಿಯಾಗಿ ಓದಿ ಕೇಳಿಸಬೇಕು. ಅದಕ್ಕೆ ಸ್ವಲ್ಪ ಇತಿಹಾಸ ಬೇಕಾಗುತ್ತದೆ. ಐರ್ಲೆಂಡ್ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಸ್ವಯಮಾಡಳಿತಕ್ಕಾಗಿ ಹೋರಾಡುತ್ತಿದ್ದ ದೊಡ್ಡ ನಾಯಕ ಪಾರ್ನೆಲ್. ಒಬ್ಬ ವಿವಾಹಿತ ಮಹಿಳೆಯೊಡನೆ ಅವನಿಗಿದ್ದ ಸಂಬಂಧ 1890ರಲ್ಲಿ ವಿಚ್ಛೇದನದ ಮೊಕದ್ದಮೆಯಲ್ಲಿ ಬಯಲಾಯಿತು. ಬಿಷಪ್ಪರು ತಿರುಗಿಬಿದ್ದರು, ಪಕ್ಷ ಒಡೆಯಿತು, 1891ರ ಅಕ್ಟೋಬರ್ 6ರಂದು ಪಾರ್ನೆಲ್ ತೀರಿಕೊಂಡ. ಮನೆಮನೆಯಲ್ಲೂ ಪಾರ್ನೆಲ್ ಕಡೆಯವರು, ಚರ್ಚಿನ ಕಡೆಯವರು ಎಂದು ಎರಡು ಪಂಗಡ. ಸ್ಟೀಫನ್ನನ ಮನೆಯಲ್ಲಿರುವ ಡಾಂಟೆ ಎಂಬ ಹಿರಿಯ ಹೆಂಗಸಿನ ಹತ್ತಿರ ಎರಡು ಬ್ರಷ್ಷುಗಳಿದ್ದವು: ಕೆಂಗಂದು ಮಖಮಲ್ಲಿನ ಬೆನ್ನಿನದು ಮೈಕೇಲ್ ಡೇವಿಟ್‌ಗಾಗಿ, ಹಸಿರು ಮಖಮಲ್ಲಿನದು ಪಾರ್ನೆಲ್‌ಗಾಗಿ. ಪಾರ್ನೆಲ್ ಕೆಟ್ಟವನೆಂದಾದ ಮೇಲೆ ಆಕೆ ಕತ್ತರಿಯಿಂದ ಆ ಹಸಿರು ಮಖಮಲ್ಲನ್ನು ಕಿತ್ತುಹಾಕುತ್ತಾಳೆ. ಹುಡುಗನಿಗೆ ರಾಜಕೀಯ ಅರ್ಥವಾಗುವುದು ಆ ಬ್ರಷ್ಷಿನಿಂದ! ಇಂಥವಳು ಊಟದ ಮೇಜಿನಲ್ಲಿ ಅಪ್ಪನ ಸ್ನೇಹಿತನ ಜೊತೆ ಕಿತ್ತಾಡಿ ಬಾಗಿಲು ಬಡಿದು ಹೊರಟುಹೋಗುತ್ತಾಳೆ. ಮೊದಲ ಸಲ ದೊಡ್ಡವರ ಜೊತೆ ಊಟಕ್ಕೆ ಕುಳಿತ ಮಗು ತಲೆಯೆತ್ತಿ ನೋಡಿದಾಗ ಅಪ್ಪನ ಕಣ್ಣಲ್ಲಿ ನೀರು. ಹಬ್ಬದ ಊಟಕ್ಕೆ ಕುಳಿತು ರಾಜಕೀಯ ತೆಗೆಯುವ ಮಾವಂದಿರು ನಿಮ್ಮ ಮನೆಯಲ್ಲೂ ಇದ್ದರೆ ನಾನು ಹೆಚ್ಚು ಹೇಳಬೇಕಿಲ್ಲ.

ಎರಡು, ಮೂರನೆಯ ಅಧ್ಯಾಯಗಳನ್ನು ಬೇಗ ದಾಟುತ್ತೇನೆ. ಅಪ್ಪ ಸಾಲಕ್ಕೆ ಬಿದ್ದು ಮನೆಯಿಂದ ಮನೆಗೆ ಬದಲಾಯಿಸುವುದು, ಸ್ಟೀಫನ್ ಬಹುಮಾನವಾಗಿ ಬಂದ ಮೂವತ್ತಮೂರು ಪೌಂಡುಗಳನ್ನು ಮನೆಯವರಿಗೆ ಹೋಟೆಲು ನಾಟಕವೆಂದು ಉದಾರವಾಗಿ ಖರ್ಚುಮಾಡಿ, ತನ್ನ ಕೋಣೆಗೆ ಗುಲಾಬಿ ಬಣ್ಣ ಹೊಡೆಯಲು ಹೋಗಿ ಡಬ್ಬಿ ಮುಗಿದು ಅರ್ಧಕ್ಕೇ ನಿಲ್ಲುವುದು, ಇವೆಲ್ಲ ಇವೆ. ಆಮೇಲೆ ಹುಡುಗ ದಾರಿ ತಪ್ಪುತ್ತಾನೆ. ಹೇಗೆಂದು ನೀವೇ ಓದಿಕೊಳ್ಳಿ, ಮುದ್ರಕರು ಹೆದರಿದ್ದು ಅಂಥ ಪುಟಗಳಿಗೇ. ಅದರ ಬೆನ್ನಿಗೇ ಬರುವುದು ನರಕವನ್ನು ಕುರಿತ ಪ್ರವಚನ, ಹಲವಾರು ಪುಟ. ಈ ಪ್ರವಚನಗಳು ನಡೆಯುವುದು ಸಂತ ಫ್ರಾನ್ಸಿಸ್ ಝೇವಿಯರ್‌ರ ಸ್ಮರಣೆಯಲ್ಲಿ. ಹೌದು, ನಮ್ಮ ಪಕ್ಕದ ಗೋವೆಯಲ್ಲಿ ಯಾರ ಶರೀರವಿದೆಯೋ ಅವರೇ. ಅವರು ಭಾರತಕ್ಕೆ ಬಂದ ವಿಷಯವೂ ಅಲ್ಲಿ ಪ್ರಸ್ತಾಪವಾಗುತ್ತದೆ. ಮುಂಬಯಿಯ ಜೆಸ್ವಿಟ್ ಶಾಲೆ ಕಾಲೇಜುಗಳಲ್ಲಿ ಓದಿದವರಿಗೆ ಡಬ್ಲಿನ್ನಿನ ಆ ತರಗತಿ ಅಷ್ಟೇನೂ ದೂರವೆನಿಸಲಾರದು. ನರಕದ ಅನಂತಕಾಲವನ್ನು ವಿವರಿಸಲು ಪಾದ್ರಿ ಮುಗಿಲೆತ್ತರದ ಮರಳಿನ ಬೆಟ್ಟವನ್ನೂ, ಹತ್ತು ಲಕ್ಷ ವರ್ಷಕ್ಕೊಮ್ಮೆ ಬಂದು ಒಂದು ಕಣ ಒಯ್ಯುವ ಪುಟ್ಟ ಹಕ್ಕಿಯನ್ನೂ ತರುತ್ತಾನೆ. ಬೌದ್ಧ ಸೂತ್ರಗಳಲ್ಲಿ ನೂರು ವರ್ಷಕ್ಕೊಮ್ಮೆ ಕಾಶಿಯ ವಸ್ತ್ರದಿಂದ ಬೆಟ್ಟವನ್ನು ಒರೆಸುವ ಮಾತು ಬರುತ್ತದಲ್ಲ, ಅದೇ ಲೆಕ್ಕ. ಹೆದರಿಸುವುದರಲ್ಲಿ ಎಲ್ಲ ಧರ್ಮದವರೂ ಬಂಧುಗಳು.

ಇನ್ನು ಹುಬ್ಬೇರಿಸಿದ ಹಿರಿಯರಿಗೆ ಉತ್ತರ. ಐದನೆಯ ಅಧ್ಯಾಯದಲ್ಲಿ ಸ್ಟೀಫನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಒಂದು ಬೆಳಗ್ಗೆ ಖಾಲಿ ತರಗತಿಯಲ್ಲಿ ಡೀನ್ ಅಗ್ಗಿಷ್ಟಿಕೆ ಹೊತ್ತಿಸುತ್ತಿರುತ್ತಾನೆ. ಆತ ಇಂಗ್ಲೆಂಡಿನವನು. ಮಾತು ದೀಪಕ್ಕೆ ಎಣ್ಣೆ ಹಾಕುವುದರ ಕಡೆ ತಿರುಗಿ, ಎಣ್ಣೆ ಸುರಿಯುವ ಆ ಸಾಧನಕ್ಕೆ ಡೀನ್ 'ಫನೆಲ್' ಎನ್ನುತ್ತಾನೆ. ಸ್ಟೀಫನ್ ಅದನ್ನು 'ಟಂಡಿಶ್' ಎನ್ನುತ್ತಾನೆ. ಡೀನ್‌ಗೆ ಆ ಪದವೇ ಗೊತ್ತಿಲ್ಲ! ಐರ್ಲೆಂಡಿನಲ್ಲಿ ಹಾಗೆನ್ನುತ್ತೀರೇನು ಎಂದು ಕೇಳುತ್ತಾನೆ. ಲೋಯರ್ ಡ್ರಮ್‌ಕಾಂಡ್ರದಲ್ಲಿ ಹಾಗೆನ್ನುತ್ತಾರೆ, ಅತ್ಯುತ್ತಮ ಇಂಗ್ಲಿಷ್ ಆಡುವುದು ಅಲ್ಲೇ ಎಂದು ಸ್ಟೀಫನ್ ನಗುತ್ತಾ ಹೇಳುತ್ತಾನೆ. (ಮೈಸೂರಿನವರೂ ಧಾರವಾಡದವರೂ ಒಳ್ಳೆಯ ಕನ್ನಡ ಯಾರದೆಂದು ವಾದ ಮಾಡುವುದನ್ನು ಇಲ್ಲಿ ನೆನೆಯಬಹುದು.) ನಗು ಬಾಯಲ್ಲಿ ಮಾತ್ರ. ಒಳಗೆ ಅವನಿಗೆ ಚುಚ್ಚುತ್ತದೆ. ತಾವಿಬ್ಬರೂ ಆಡುತ್ತಿರುವ ಭಾಷೆ ಮೊದಲು ಅವನದು, ಆಮೇಲೆ ತನ್ನದು. ಮನೆ ಎಂಬಂಥ ಸಾಮಾನ್ಯ ಪದವೂ ಅವನ ಬಾಯಲ್ಲೊಂದು ಬಗೆ, ತನ್ನ ಬಾಯಲ್ಲೊಂದು ಬಗೆ. ಸ್ಟೀಫನ್ನನ ಮಾತೃಭಾಷೆ ಇಂಗ್ಲಿಷೇ. ಪೂರ್ವಜರ ಐರಿಷ್ ಭಾಷೆ ಅವನ ಮನೆಯಲ್ಲಿ ಉಳಿದಿಲ್ಲ. ಗೆಳೆಯನ ಒತ್ತಾಯಕ್ಕೆ ಐರಿಷ್ ತರಗತಿಗೆ ಹೋಗಿ ಮೊದಲ ಪಾಠಕ್ಕೇ ಬಿಟ್ಟುಬಂದವನು. ಆದರೂ ಇರುವ ಒಂದೇ ಭಾಷೆಯಲ್ಲಿ ಅವನು ಬಾಡಿಗೆದಾರ.

ನಮ್ಮ ಅಡುಗೆಮನೆಯಲ್ಲಿ ಅದೇ ಸಾಧನಕ್ಕೆ ನಾಲ್ಕು ಹೆಸರಿವೆ. ನಾನು ಲಾಳಿಕೆ ಎನ್ನುತ್ತೇನೆ, ಅತ್ತೆಯವರು ಆಲಿಕೆ ಎನ್ನುತ್ತಿದ್ದರು, ಕೆಲಸಕ್ಕೆ ಬರುವ ಬಾಯಿ ನರಸಾಳೆ ಎನ್ನುತ್ತಾಳೆ, ಮಗಳು ಫನೆಲ್ ಎನ್ನುತ್ತಾಳೆ. ಮಗಳಿಗೆ ಲಾಳಿಕೆ ಗೊತ್ತಿಲ್ಲವೆಂದಲ್ಲ. ಕೊಡು ಎಂದರೆ ಕೊಡುತ್ತಾಳೆ, ಬಾಯಲ್ಲಿ ಮಾತ್ರ ಬರುವುದಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಅದು ನಿಮ್ಮ ವರ್ಡು ಅಮ್ಮ, ನಾನು ಹೇಳಿದ್ರೆ ಆ್ಯಕ್ಟಿಂಗ್ ಮಾಡಿದ ಹಾಗಿರತ್ತೆ" ಎಂದಳು. ಈ ಮಾತು ನನ್ನ ನಿದ್ದೆ ಕೆಡಿಸಿದ್ದು ನಿಜ. ನಿಮ್ಮಲ್ಲಿ ಎಷ್ಟು ಮಂದಿಗೆ ಹೀಗೆ ಅನ್ನಿಸುತ್ತದೋ ಕಾಣೆ. ಅನ್ನಿಸುವವರು ಸ್ಟೀಫನ್ನನ ದಿನಚರಿಯನ್ನು ಏಪ್ರಿಲ್ 13ರವರೆಗೆ ಓದಬೇಕು. ಅಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿದ್ದ ಟಂಡಿಶ್ ಪದವನ್ನು ಅವನು ಕೊನೆಗೂ ನಿಘಂಟಿನಲ್ಲಿ ಹುಡುಕುತ್ತಾನೆ. ಅದು ಐರ್ಲೆಂಡಿನ ಮೂಲೆಯ ಪದವೇನಲ್ಲ, ಅಪ್ಪಟ ಹಳೆಯ ಇಂಗ್ಲಿಷ್ ಪದ! ಇಂಗ್ಲಿಷರೇ ಮರೆತದ್ದನ್ನು ಡ್ರಮ್‌ಕಾಂಡ್ರದ ಅಡುಗೆಮನೆಗಳು ಇಟ್ಟುಕೊಂಡಿದ್ದವು. ಆ ಡೀನ್ ಇಲ್ಲಿಗೆ ಬಂದದ್ದು ತನ್ನ ಭಾಷೆ ಕಲಿಸುವುದಕ್ಕೋ, ನಮ್ಮಿಂದ ಕಲಿಯುವುದಕ್ಕೋ ಎಂದು ಸ್ಟೀಫನ್ ಸಿಡುಕುತ್ತಾನೆ. ಮುಂಬಯಿಯ ಮನೆಗಳಲ್ಲೂ ಹೀಗೆ ಉಳಿದುಕೊಂಡ ಕನ್ನಡವಿದೆ. ಬೆಂಗಳೂರಿನ ನಿಮ್ಮ ಕಸಿನ್ನುಗಳನ್ನು ಲಾಳಿಕೆ ಎಂದರೇನೆಂದು ಕೇಳಿ ನೋಡಿ, ಎಷ್ಟು ಮಂದಿ ಹೇಳುತ್ತಾರೋ!

ಹಾಗೆಂದು ಸ್ಟೀಫನ್ ಭಾಷಾಭಿಮಾನಿಯೆಂದು ತಿಳಿಯಬೇಡಿ. ದೇಶ, ಭಾಷೆ, ಧರ್ಮ ಮೂರೂ ತನ್ನ ಮೇಲೆ ಬೀಸಿದ ಬಲೆಗಳು, ಹಾರಿ ತಪ್ಪಿಸಿಕೊಳ್ಳಬೇಕು ಎನ್ನುವವನು ಅವನು. ಇದನ್ನು ಮುಚ್ಚಿಟ್ಟು ನಿಮಗೆ ಪುಸ್ತಕ ಕೊಡುವುದು ಸರಿಯಲ್ಲ. ಬಿ.ಎ. ತರಗತಿಯಲ್ಲಿ ನಾವೆಲ್ಲ ಸ್ಟೀಫನ್ನನ ಪಕ್ಷದವರಾಗಿದ್ದೆವು. ಈಗ ಓದುವಾಗ ಕಣ್ಣು ಅವನ ತಾಯಿಯ ಕಡೆಗೂ ಹೋಗುತ್ತದೆ. ಆಕೆಗೆ ಒಂಬತ್ತೋ ಹತ್ತೋ ಮಕ್ಕಳು, ಕೆಲವು ತೀರಿಹೋದವು. ಎಷ್ಟೆಂದು ಮಗನಿಗೇ ಸರಿಯಾಗಿ ನೆನಪಿಲ್ಲ. ಮನೆಯಲ್ಲಿ ಗಿರವಿ ಚೀಟಿಗಳು, ನೀರು ನೀರಾದ ಟೀ, ಒಂದು ಗಂಟೆ ಇಪ್ಪತ್ತೈದು ನಿಮಿಷ ಮುಂದಿರುವ ಗಡಿಯಾರ. ಕಾಲೇಜಿಗೆ ಹೋಗುವ ಮಗನ ಕುತ್ತಿಗೆ ಕಿವಿಗಳನ್ನು ಆಕೆ ನಿಂತು ತಿಕ್ಕಿ ತೊಳೆಯುತ್ತಾಳೆ. ಇಷ್ಟು ದೊಡ್ಡವನಾಗಿ ತಾಯಿಯಿಂದ ತೊಳೆಸಿಕೊಳ್ಳುತ್ತೀಯಲ್ಲ ಎಂದು ಆಕೆ ಅಂದರೆ, ನಿನಗೆ ಅದರಿಂದ ಸಂತೋಷವಾಗುತ್ತದಲ್ಲ ಎಂದು ಮಹಾಶಯನ ಉತ್ತರ! ಬಲೆಗಳಿಂದ ಹಾರಿಹೋಗುವವನ ಕುತ್ತಿಗೆ ತೊಳೆದದ್ದು ಯಾರು ಎಂದು ಜಾಯ್ಸ್ ಬೇಕೆಂದೇ ಅಲ್ಲಿ ಬರೆದಿದ್ದಾನೆಂದು ನನ್ನ ನಂಬಿಕೆ. ಸ್ಟೀಫನ್ನನನ್ನು ಅವನು ಪೂಜಿಸುವುದಿಲ್ಲ, ಅವನ ಠೇಂಕಾರವನ್ನು ನೋಡಿ ಒಳಗೊಳಗೇ ನಗುತ್ತಾನೆ.

ಈಸ್ಟರ್ ಹಬ್ಬಕ್ಕೆ ಚರ್ಚಿಗೆ ಬಂದು ಪ್ರಸಾದ ತೆಗೆದುಕೋ ಎಂದು ಆ ತಾಯಿ ಕೇಳುತ್ತಾಳೆ. ನಂಬಿಕೆಯಿಲ್ಲದೆ ಹೋಗಲಾರೆ ಎನ್ನುತ್ತಾನೆ ಮಗ. ಕ್ರ್ಯಾನ್ಲಿ ಎಂಬ ಗೆಳೆಯ, ಅಮ್ಮನಿಗಾಗಿ ಅಷ್ಟು ಮಾಡಿದರೇನು ಹೋಗುತ್ತದೆ, ಈ ಲೋಕದಲ್ಲಿ ಬೇರೇನು ಸುಳ್ಳಾದರೂ ತಾಯಿಯ ಪ್ರೀತಿ ಸುಳ್ಳಲ್ಲ ಎಂದು ವಾದಿಸುತ್ತಾನೆ. ಇದು ಜಾಯ್ಸ್‌ನ ಸ್ವಂತ ಗಾಯ. ಅವನ ತಾಯಿ 1903ರ ಆಗಸ್ಟಿನಲ್ಲಿ ತೀರಿಕೊಂಡರು; ಸಾಯುವ ತಾಯಿಯ ಆಸೆಯಂತೆ ಪಾಪನಿವೇದನೆಗೆ ಅವನು ಹೋಗಲಿಲ್ಲ, ಹಾಸಿಗೆಯ ಪಕ್ಕ ಮೊಣಕಾಲೂರಲೂ ಒಪ್ಪಲಿಲ್ಲ. ಮುಂದೆ 'ಯೂಲಿಸಿಸ್'ನಲ್ಲೂ ಸ್ಟೀಫನ್ನನನ್ನು ಇದು ಬಿಡದೆ ಕಾಡುತ್ತದೆ. ನನ್ನನ್ನು ಕೇಳಿದರೆ? ನಂಬದೆ ಕೈಮುಗಿಯುವುದಿಲ್ಲ ಎನ್ನುವ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಬರುವುದಿಲ್ಲವೆಂದು ಮಗಳು ಹೇಳಿದಾಗಲೂ ಒಬ್ಬಳೇ ಹೋಗಿಬಂದೆ. ಆದರೆ ತಾಯಿಗೆ ಎಷ್ಟು ಮಕ್ಕಳೆಂದು ಗೊತ್ತಿಲ್ಲದಿರುವುದು ಸ್ವಾತಂತ್ರ್ಯವಲ್ಲ. ಅದರ ಬಗ್ಗೆ ಸ್ಟೀಫನ್ನನ ಜೊತೆ ನನ್ನ ಜಗಳವಿದೆ, ಇರುತ್ತದೆ.

ಹಾರಿಹೋದವನು ಏನಾದ? 1904ರಲ್ಲಿ ನೋರಾ ಎಂಬ ಹುಡುಗಿಯ ಜೊತೆ ದೇಶ ಬಿಟ್ಟು, ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿದ್ದ ಟ್ರಿಯೆಸ್ಟೆ ಎಂಬ ಬಂದರು ಊರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದ. 1912ರ ನಂತರ ಡಬ್ಲಿನ್ನಿಗೆ ಕಾಲಿಡಲೇ ಇಲ್ಲ; ಬರೆದದ್ದೆಲ್ಲ ಡಬ್ಲಿನ್ನನ್ನೇ. ಜಾರ್ಜಿಯೊ, ಲೂಸಿಯಾ ಎಂಬ ಇಬ್ಬರು ಮಕ್ಕಳು ಟ್ರಿಯೆಸ್ಟೆಯಲ್ಲೇ ಹುಟ್ಟಿದರು. ಊರಿನ ಭಾಷೆ ಇಟಾಲಿಯನ್, ಹಾಗಾಗಿ ಮನೆಯ ಮಾತೂ ಅದೇ ಆಯಿತು. ಮುಂದೆ ಜ್ಯೂರಿಕ್, ಪ್ಯಾರಿಸ್‌ಗಳಿಗೆ ಹೋದ ಮೇಲೂ ಇಂಗ್ಲಿಷಿನ ಈ ಮಹಾ ಲೇಖಕ ತನ್ನ ಮಕ್ಕಳೊಡನೆ ಇಟಾಲಿಯನ್ನಿನಲ್ಲೇ ಮಾತಾಡುತ್ತಿದ್ದ, ಕಾಗದ ಬರೆಯುತ್ತಿದ್ದ. ನಿಮ್ಮ ಹಾಗೆ ಅವರೂ ಎರಡನೆಯ ತಲೆಮಾರು. ಆ ಮಕ್ಕಳು ಏನಂದುಕೊಂಡರೆಂದು ಬರೆಯುವ ಕಾದಂಬರಿಕಾರ ಅವರ ಮನೆಯಲ್ಲಿ ಹುಟ್ಟಲಿಲ್ಲ.

ಈಗ ಕೊಳ್ಳುವ ಮಾತು. ಪೆಂಗ್ವಿನ್‌ನವರು 1935ರಲ್ಲಿ ಆರು ಪೆನ್ಸಿಗೊಂದು ಎಂದು ಪೇಪರ್‌ಬ್ಯಾಕು ಶುರುಮಾಡಿದ ಮೇಲೆ ಇಂಥ ಪುಸ್ತಕಗಳು ನಮ್ಮಂಥವರ ಕೈಗೆ ಬಂದವು. ಬ್ರಿಟನ್ನಿನಲ್ಲಿ 2012ರಿಂದ ಜಾಯ್ಸ್ ಬದುಕಿದ್ದಾಗ ಪ್ರಕಟವಾದ ಪುಸ್ತಕಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಗ್ಗದ ಮುದ್ರಣಗಳು ಬೇಕಾದಷ್ಟಿವೆ, ಇಂಟರ್ನೆಟ್ಟಿನಲ್ಲಿ ಪುಕ್ಕಟೆಯೂ ಸಿಗುತ್ತದೆ. ಆದರೆ ಮೊದಲ ಸಲ ಓದುವವರು ಟಿಪ್ಪಣಿಗಳಿರುವ ಪ್ರತಿಯನ್ನೇ ಕೊಳ್ಳಿ: ಸೀಮಸ್ ಡೀನ್ ಅವರ ಮುನ್ನುಡಿ ಟಿಪ್ಪಣಿಗಳಿರುವ ಪೆಂಗ್ವಿನ್ ಅಥವಾ ಜೆರಿ ಜಾನ್ಸನ್ ಸಂಪಾದಿಸಿದ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್. ಪಾರ್ನೆಲ್ ಯಾರು, ಆ ಲ್ಯಾಟಿನ್ ಏನು ಎಂದು ಪ್ರತಿ ಪುಟದಲ್ಲೂ ಮೊಬೈಲು ತೆಗೆದರೆ ಓದು ಕೆಟ್ಟುಹೋಗುತ್ತದೆ. ಜಾಯ್ಸ್ ಮಾತುಗಳಿಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ, ಸಾಲಿನ ಮೊದಲಿಗೆ ಒಂದು ಅಡ್ಡಗೆರೆ ಅಷ್ಟೇ. ಹತ್ತು ಪುಟಕ್ಕೆ ಅಭ್ಯಾಸವಾಗುತ್ತದೆ. ಐದನೆಯ ಅಧ್ಯಾಯದಲ್ಲಿ ಸೌಂದರ್ಯ ಎಂದರೇನು ಎಂದು ಸ್ಟೀಫನ್ ಗೆಳೆಯನಿಗೆ ಕೊರೆಯುವ ಭಾಗ ಕಷ್ಟವೆನಿಸಿದರೆ ಬೇಗ ದಾಟಿಹೋಗಿ, ಕೇಳುತ್ತಿರುವ ಗೆಳೆಯನಿಗೂ ಅಷ್ಟೇನೂ ತಾಳ್ಮೆಯಿಲ್ಲ. ಕೊನೆಯ ದಿನಚರಿಯನ್ನು ಮಾತ್ರ ಬಿಡಬೇಡಿ. ಏಪ್ರಿಲ್ 26ರಂದು ತಾಯಿ ಅವನ ಸೆಕೆಂಡ್‌ಹ್ಯಾಂಡ್ ಬಟ್ಟೆಗಳನ್ನು ಒಪ್ಪ ಮಾಡಿ ಇಡುತ್ತಿರುತ್ತಾಳೆ.

ಕನ್ನಡದಲ್ಲೇ ಇಂಥದು ಬೇಕೆನ್ನುವವರಿಗೆ ಶಾಂತಿನಾಥ ದೇಸಾಯಿಯವರ 'ಮುಕ್ತಿ' ಇದೆ, 1961ರದು. ನಮ್ಮ ನವ್ಯ ಕಾದಂಬರಿಗಳಲ್ಲಿ ಮೊದಲನೆಯದೆಂದು ಅದನ್ನು ಹೇಳುವುದುಂಟು. ಅದರ ಗೌರೀಶನ ಬಗ್ಗೆ ಮುಂದಿನ ತಿಂಗಳು ಬರೆಯುತ್ತೇನೆ. ಅಷ್ಟರೊಳಗೆ ಸ್ಟೀಫನ್ನನನ್ನು ಮುಗಿಸಿದವರು ನನಗೆ ಒಂದು ಕಾಗದ ಹಾಕಿ, ನಿಮ್ಮ ಮನೆಯಲ್ಲಿ ಆ ಎಣ್ಣೆ ಸುರಿಯುವ ಸಾಧನಕ್ಕೆ ಏನೆನ್ನುತ್ತಾರೆಂದೂ ಬರೆಯಿರಿ.